ಕೈಗುಣದ ಒಳಗೆ ಏನಿದೆ?

ತಿಪಟೂರು ಕಡೆಯವರೊಬ್ಬರು, ಮೂವತ್ತು ವರ್ಷದಿಂದ ತೆಂಗಿನಕಾಯಿ ಸುಲಿಯುತ್ತಾ ಬಂದವರು, ಬಲಭುಜ ಎತ್ತಲಾಗದೆ ತುಮಕೂರಿಗೆ ನನ್ನ ಬಳಿ ಬಂದಿದ್ದರು. ಮೂರನೇ ವಾರಕ್ಕೆ ಕೈ ತಲೆಯ ಮೇಲಕ್ಕೆ ಹೋಯಿತು. "ನಿಮ್ಮ ಕೈಗುಣ ಚೆನ್ನಾಗೈತೆ ಕಣಮ್ಮ. ಮೊದ್ಲು ಹೋಗಿದ್ದ ಕಡೆನೂ ಇದೇ ಕಸರತ್ತು ಹೇಳ್ಕೊಟ್ಟಿದ್ರು. ಅಲ್ಲಿ ಆಗ್ಲಿಲ್ಲ, ಇಲ್ಲಾಯ್ತು" ಅಂದರು. ಹೊಗಳಿಕೆ ಯಾರಿಗೆ ಬೇಡ? ಆದರೆ ಅವರು ಹೋದ ಮೇಲೆ ಆ ಮಾತು ನನ್ನನ್ನು ಕೊರೆಯತೊಡಗಿತು. ಭುಜ ಅದೇ, ಕಸರತ್ತು ಅದೇ. ಇಲ್ಲಿ ಹೆಚ್ಚಿಗೆ ಸೇರಿದ್ದು ಏನು? (ಮೂರು ವಾರ ಕಳೆದದ್ದೂ ಒಂದು ಔಷಧಿಯೇ. ಆ ಮಾತಿಗೆ ಆಮೇಲೆ ಬರುತ್ತೇನೆ.)

ಕೈಗುಣ ನಮ್ಮಲ್ಲಿ ವೈದ್ಯರಿಗಷ್ಟೇ ಮೀಸಲಾದ ಮಾತಲ್ಲ. ಸಸಿ ನೆಟ್ಟರೆ ಹತ್ತಿಕೊಳ್ಳುವ ಕೈ, ಉಪ್ಪಿನಕಾಯಿ ಹಾಕಿದರೆ ಕೆಡದ ಕೈ, ಬೆಳಗ್ಗೆ ಬೋಣಿ ಮಾಡಿದರೆ ವ್ಯಾಪಾರ ಕುದುರುವ ಕೈ, ಎಲ್ಲಕ್ಕೂ ಅದೇ ಪದ. ಫಿಜಿಯೋಥೆರಪಿ ಓದುವಾಗ ನಮಗೆ ಸ್ನಾಯು, ನರ, ಕೀಲುಗಳ ಪಾಠ ಇತ್ತು, ಕೈಗುಣದ ಪಾಠ ಇರಲಿಲ್ಲ. ಖಾಲಿ ಬಿಟ್ಟ ಆ ಜಾಗದಲ್ಲಿ ಈಗ ಬೇರೆಯವರು ಅಂಗಡಿ ಇಟ್ಟಿದ್ದಾರೆ. ರೇಖಿ, ಪ್ರಾಣ ಚಿಕಿತ್ಸೆ, ಎನರ್ಜಿ ಹೀಲಿಂಗ್ ಅಂತ ಬೋರ್ಡು ತೂಗುತ್ತವೆ. ಅಂಗೈಯಿಂದ ಚೈತನ್ಯ ಹರಿಸುತ್ತೇವೆ, ಪ್ರಜ್ಞೆಯ ಮಟ್ಟ ಏರಿಸುತ್ತೇವೆ ಅಂತ ಮಾತು ಕೊಡುತ್ತಾರೆ. ನಮ್ಮವರಲ್ಲಿ ಅರ್ಧ ಮಂದಿ ಇದಕ್ಕೆ ನಗುತ್ತಾರೆ, ಇನ್ನರ್ಧ ಕೈಮುಗಿಯುತ್ತಾರೆ. ನನಗೆ ಎರಡೂ ಆಗುವುದಿಲ್ಲ. ಮೈ ಮುಟ್ಟಿ ಮಾಡುವ ಚಿಕಿತ್ಸೆಯಲ್ಲಿ ಮನಸ್ಸಿಗೆ, ನಂಬಿಕೆಗೆ ನಿಜವಾದ ಪಾತ್ರವಿದೆ. ಆದರೆ ಅದು ಬೋರ್ಡಿನಲ್ಲಿ ಬರೆದಿರುವ ಪಾತ್ರವಲ್ಲ.

ಗೊಂದಲದ ಒಂದು ಪಾಲು ಪದಗಳಿಂದಲೇ ಹುಟ್ಟಿದ್ದು. ಬೋರ್ಡಿನವರು ಪ್ರಜ್ಞೆ ಅನ್ನುವುದಕ್ಕೆ ಕನ್ನಡದಲ್ಲಿ ಮೂರು ಪದ ಬಳಸುತ್ತೇವೆ, ಮೂರನ್ನೂ ಒಂದೇ ಮಾಡಿಬಿಡುತ್ತೇವೆ. ಆಸ್ಪತ್ರೆಯಲ್ಲಿ "ಪ್ರಜ್ಞೆ ತಪ್ಪಿದೆ" ಅಂದರೆ ಎಚ್ಚರವಿಲ್ಲ ಅಂತ ಅರ್ಥ. "ಅರಿವು" ಅಂದರೆ ತನಗೇನಾಗುತ್ತಿದೆ ಎಂಬುದು ತನಗೆ ಗೊತ್ತಾಗುವುದು, ಕತ್ತು ಬಿಗಿಯಾಗಿದೆ, ಉಸಿರು ಮೇಲುಮೇಲೆ ಆಡುತ್ತಿದೆ ಅಂತ ಒಳಗಿಂದ ತಿಳಿಯುವುದು. "ಚೈತನ್ಯ" ಎಲ್ಲದರೊಳಗೂ ಇದೆ ಎಂದು ಶಾಸ್ತ್ರಗಳು ಹೇಳುವ ತತ್ತ್ವ. ಮೊದಲನೆಯದನ್ನು ವೈದ್ಯರು ಅಳೆಯಬಲ್ಲರು. ಎರಡನೆಯದನ್ನು ಇತ್ತೀಚಿನ ವರ್ಷಗಳಲ್ಲಿ ವಿಜ್ಞಾನಿಗಳು ಬೆನ್ನಟ್ಟಿದ್ದಾರೆ. ಮೂರನೆಯದು ಅಳತೆಗೆ ಸಿಗುವ ವಸ್ತುವೇ ಅಲ್ಲ. ನನ್ನ ಕೆಲಸ ನಡೆಯುವುದು ಎರಡನೆಯದರಲ್ಲಿ.

ಕೊರಟಗೆರೆ ಕಡೆ ನನ್ನ ಅಜ್ಜಿ ಊರಿನ ಎಷ್ಟೋ ಕೂಸುಗಳಿಗೆ ಎಣ್ಣೆನೀರು ಹಾಕಿದವಳು. ಬಚ್ಚಲಲ್ಲಿ ಎರಡೂ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಬೆಚ್ಚಗೆ ಮಾಡಿದ ಹರಳೆಣ್ಣೆಯನ್ನು ಕತ್ತಿನಿಂದ ಕುಂಡಿಯವರೆಗೆ ನೀವುತ್ತಿದ್ದಳು. ನಾನು ಸಹಾಯಕ್ಕೆಂದು ಕೈಹಾಕಿ ಸರಸರ ತಿಕ್ಕಿದರೆ ಗದರುತ್ತಿದ್ದಳು: "ಪಾತ್ರೆ ತಿಕ್ತಿದೀಯೇನೆ? ಎಣ್ಣೆ ಹರಿಯೋ ಅಷ್ಟು ನಿಧಾನಕ್ಕೆ ಕೈ ಹರೀಬೇಕು."

ಅಜ್ಜಿ ಹೇಳಿದ ಆ ವೇಗಕ್ಕೆ ಒಂದು ಲೆಕ್ಕವಿದೆ ಅಂತ ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ. ಚರ್ಮದಿಂದ ಮಿದುಳಿಗೆ ಸ್ಪರ್ಶದ ಸುದ್ದಿ ಒಯ್ಯುವ ನರಗಳಲ್ಲಿ ಎರಡು ಬಗೆ. ಒಂದು ಓಟದ ನರ, ಅದರಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 50 ಮೀಟರ್ ಓಡುತ್ತದೆ. ಎಲ್ಲಿ ತಾಕಿತು, ಎಷ್ಟು ಒತ್ತಿತು, ಒರಟೋ ನುಣುಪೋ ಎಂಬ ವರದಿ ಅದರ ಕೆಲಸ. ಇನ್ನೊಂದು ತೀರಾ ಸಣ್ಣ, ನಿಧಾನದ ನರ. ಅದರಲ್ಲಿ ಸುದ್ದಿ ಸೆಕೆಂಡಿಗೆ 1 ಮೀಟರ್ ಆಸುಪಾಸು ಸಾಗುತ್ತದೆ, ಬಹುತೇಕ ನಡಿಗೆಯ ವೇಗ. ಬೆಕ್ಕುಗಳಲ್ಲಿ ಇದನ್ನು 1939ರಲ್ಲೇ ಗುರುತಿಸಿದ್ದರು. ಮನುಷ್ಯರಲ್ಲೂ ಇದೆ ಎಂದು ಸ್ವೀಡನ್ನಿನ ಸಂಶೋಧಕರು ತೋರಿಸಿದ್ದು 1980ರ ದಶಕದ ಕೊನೆಗೆ. ರೋಮ ಇರುವ ಚರ್ಮದಲ್ಲಿ, ಅಂದರೆ ತೋಳು, ಬೆನ್ನು, ಮುಖದಲ್ಲಿ ಇದು ಹೇರಳ. ಅಂಗೈ, ಅಂಗಾಲಿನಲ್ಲಿ ಬಹಳ ವಿರಳ.

ಈ ನಿಧಾನದ ನರ ಚುರುಕಾಗುವುದು ಮೆತ್ತಗೆ ನೇವರಿಸಿದಾಗ, ಅದೂ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ. 3 ಸೆಂಟಿಮೀಟರ್ ಹತ್ತಿರ ಇದ್ದರೆ ಇನ್ನೂ ಚೆನ್ನ. ಮುಟ್ಟುವ ಕೈಯ ಬಿಸಿ ಚರ್ಮದ ಬಿಸಿಯಷ್ಟೇ, 32 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ, ಇರಬೇಕು. ಲೆಕ್ಕ ಹಾಕಿ ನೋಡಿ: ಮೊಣಕೈಯಿಂದ ಮಣಿಕಟ್ಟಿಗೆ ಕೈ ಜಾರಲು ಎಂಟು ಸೆಕೆಂಡು ಬೇಕು. ನಮ್ಮ ಕ್ಲಿನಿಕ್ಕುಗಳಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ! ತಣ್ಣನೆ ಕೈ, ಅವಸರದ ಕೈ ಈ ನರವನ್ನು ಎಬ್ಬಿಸಲಾರದು. ಎಣ್ಣೆ ಬಿಸಿ ಮಾಡುವುದು, ಅಂಗೈ ಉಜ್ಜಿಕೊಂಡು ಆಮೇಲೆ ಮುಟ್ಟುವುದು, ಇವೆಲ್ಲ ಬರೀ ಶಾಸ್ತ್ರವಾಗಿ ಉಳಿದು ಬಂದದ್ದಲ್ಲ ಅನ್ನಿಸುತ್ತದೆ.

ನಿಧಾನದ ನರ ಸುದ್ದಿ ಒಯ್ಯುವ ಊರೂ ಬೇರೆ. ಅದು ಮಿದುಳಿನ ಮಡಿಕೆಗಳೊಳಗೆ ಹುದುಗಿರುವ ಇನ್ಸುಲಾ ಎಂಬ ಭಾಗಕ್ಕೆ ಹೋಗುತ್ತದೆ. ಎದೆಬಡಿತ, ಹಸಿವು, ಉಸಿರಿನ ಏರಿಳಿತ, ಹೊಟ್ಟೆಯ ಸಂಕಟ, ಇಂಥ ಒಳಮೈಯ ಸಮಾಚಾರ ಬಂದು ಸೇರುವುದೂ ಅಲ್ಲಿಗೇ. ಅಂದರೆ ಒಳ್ಳೆಯ ಸ್ಪರ್ಶವನ್ನು ಮಿದುಳು ಹೊರಗಿನ ವಸ್ತುವಿನ ಸುದ್ದಿಯಾಗಿ ಬರೆದುಕೊಳ್ಳುವುದಕ್ಕಿಂತ ಹೆಚ್ಚಾಗಿ "ನಾನು ಹೇಗಿದ್ದೇನೆ" ಎಂಬ ಪುಟದಲ್ಲಿ ಬರೆದುಕೊಳ್ಳುತ್ತದೆ. ಮೈ ನೀವಿಸಿಕೊಂಡವರು "ಭುಜ ಸಡಿಲ ಆಯ್ತು" ಅನ್ನುವ ಮೊದಲು "ಹಗುರ ಆಯ್ತು" ಅನ್ನುತ್ತಾರೆ. ಹಗುರ ಆಗಿದ್ದು ಭುಜವೋ, ತಾವೋ, ಅವರೂ ಬಿಡಿಸಿ ಹೇಳಲಾರರು.

ಇಲ್ಲಿಗೆ ಮುಗಿದಿದ್ದರೆ ಕೈಗುಣವನ್ನು ಯಂತ್ರಕ್ಕೆ ಕಲಿಸಬಹುದಿತ್ತು, 3 ಸೆಂಟಿಮೀಟರ್ ವೇಗಕ್ಕೆ ಇಟ್ಟು ಗುಂಡಿ ಒತ್ತಿದರಾಯಿತು. ಆದರೆ ಇಲ್ಲಿಗೆ ಮುಗಿಯುವುದಿಲ್ಲ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗಂಡಸರನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ ಕಾಲನ್ನು ನೇವರಿಸಿದರು. ಮುಟ್ಟುತ್ತಿರುವವರು ಒಮ್ಮೆ ಹೆಂಗಸು, ಒಮ್ಮೆ ಗಂಡಸು ಅಂತ ಅವರಿಗೆ ವಿಡಿಯೋದಲ್ಲಿ ಕಾಣಿಸಿದರು. ವಾಸ್ತವದಲ್ಲಿ ಪ್ರತಿ ಸಲವೂ ಮುಟ್ಟಿದ್ದು ಒಬ್ಬ ಹೆಂಗಸೇ. ಆದರೂ ಮಿದುಳಿನಲ್ಲಿ ಬರೀ ಸ್ಪರ್ಶವನ್ನು ಗ್ರಹಿಸುವ ಮೊದಲ ಕಟ್ಟೆ ಎಂದು ನಾವು ಓದಿದ್ದ ಭಾಗವೇ ಎರಡಕ್ಕೂ ಬೇರೆಬೇರೆಯಾಗಿ ಸ್ಪಂದಿಸಿತು. ಯಾರು ಮುಟ್ಟುತ್ತಿದ್ದಾರೆ, ಯಾಕೆ ಮುಟ್ಟುತ್ತಿದ್ದಾರೆ ಎಂಬ ತಿಳಿವಳಿಕೆ ಸ್ಪರ್ಶ ಬಂದಾದ ಮೇಲೆ ಸೇರಿಕೊಳ್ಳುವ ವ್ಯಾಖ್ಯಾನವಲ್ಲ, ಸ್ಪರ್ಶದ ಜೊತೆಯಲ್ಲೇ ಒಳಗೆ ಬರುತ್ತದೆ. ನನ್ನ ಮಟ್ಟಿಗೆ ಕೈಗುಣದ ಮೊದಲ ತುಂಡು ಇದು.

ಎರಡನೇ ತುಂಡಿಗೆ ಉಳುಕು ತೆಗೆಯುವವರ ಹತ್ತಿರ ಹೋಗಬೇಕು. ಕಾಲು ಮುಂದಾಗಿ ಹುಟ್ಟಿದವರ ಕೈಯಲ್ಲಿ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಹತ್ತನೇ ಕ್ಲಾಸಿನಲ್ಲಿ ನನ್ನ ಕತ್ತು ಉಳುಕಿದಾಗ ಅಜ್ಜಿ ಕರೆದೊಯ್ದದ್ದು ಊರಾಚೆಯ ಒಬ್ಬ ಮುದುಕಿಯ ಹತ್ತಿರ. ಮೂರು ಸಂಜೆ, ಬೇವಿನ ಸೊಪ್ಪು ಆಡಿಸಿ, ಬಾಯಲ್ಲಿ ಮಣಮಣ ಮಂತ್ರ ಹೇಳುತ್ತಾ ಎಣ್ಣೆ ನೀವಿದಳು. ಮೂರನೇ ಸಂಜೆಗೆ ಕತ್ತು ತಿರುಗಿತು.

ಇದನ್ನು ಬಿಚ್ಚಿ ನೋಡಿದರೆ ಮೂರು ಎಳೆ ಸಿಗುತ್ತದೆ. ಒಂದು, ನೀವಿದ್ದು. ಪೆಟ್ಟು ಬಿದ್ದ ಕೂಡಲೇ ನಾವು ಆ ಜಾಗ ಉಜ್ಜಿಕೊಳ್ಳುತ್ತೇವಲ್ಲ, ಅದು ಯಾಕೆ ಹಿತ ಎಂಬುದಕ್ಕೆ ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು 1965ರಲ್ಲಿ ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿದೆ ಅಂದುಕೊಳ್ಳಿ. ಸ್ಪರ್ಶದ ಸುದ್ದಿ ನುಗ್ಗಿ ಬಂದರೆ ಬಾಗಿಲು ಅರ್ಧ ಮುಚ್ಚುತ್ತದೆ, ನೋವಿನ ಸುದ್ದಿ ಕಡಿಮೆ ದಾಟುತ್ತದೆ. ಮೇಲಿನಿಂದ ಮಿದುಳು ಕೂಡ ಆ ಬಾಗಿಲನ್ನು ಎಳೆಯಬಲ್ಲದು. ಆ ಲೆಕ್ಕದ ಎಷ್ಟೋ ವಿವರ ಆಮೇಲೆ ಬದಲಾಗಿದೆ, ಮೂಲ ಮಾತು ನಿಂತಿದೆ.

ಎರಡು, ನಂಬಿಕೆ. 1978ರಲ್ಲಿ ಅಮೆರಿಕದಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪರೀಕ್ಷೆ ನಡೆಯಿತು. ಔಷಧಿಯೇ ಇಲ್ಲದ ಚುಚ್ಚುಮದ್ದನ್ನು ನೋವಿನ ಔಷಧಿ ಇರಬಹುದೆಂದು ಕೊಟ್ಟಾಗ ಕೆಲವರಿಗೆ ನೋವು ತಗ್ಗಿತು. ಅಫೀಮಿನಂಥ ರಾಸಾಯನಿಕಗಳನ್ನು ತಡೆಯುವ ನಾಲೋಕ್ಸೋನ್ ಕೊಟ್ಟರೆ ಆ ಸಮಾಧಾನ ಹೊರಟುಹೋಗುತ್ತಿತ್ತು. ಅಂದರೆ ನಂಬಿದಾಗ ದೇಹ ತನ್ನದೇ ಅಫೀಮನ್ನು ಸುರಿಸಿಕೊಳ್ಳುತ್ತದೆ. "ಬರೀ ಮನಸ್ಸಿನ ಭ್ರಮೆ" ಅಂತ ನಾವು ತಳ್ಳಿಹಾಕುವುದರಲ್ಲಿ ಆ "ಬರೀ" ತಪ್ಪು. ಮುದುಕಿಯ ಮಂತ್ರಕ್ಕೆ ಉಳುಕಿನ ಮೇಲೆ ಅಧಿಕಾರವಿತ್ತೋ ಇಲ್ಲವೋ, ನನ್ನ ಮೇಲೆ ಇತ್ತು.

ಮೂರು, ದಿನ ಕಳೆದದ್ದು. ಕತ್ತಿನ ಉಳುಕು ಬಹುಪಾಲು ಏನೂ ಮಾಡದಿದ್ದರೂ ಕೆಲವು ದಿನಗಳಲ್ಲಿ ಬಿಡುತ್ತದೆ. ನಾವು ಮಂತ್ರದವರ ಹತ್ತಿರವಾಗಲಿ ನನ್ನಂಥವರ ಹತ್ತಿರವಾಗಲಿ ಹೋಗುವುದು ನೋವು ತುತ್ತತುದಿಗೆ ಹೋದಾಗ. ಅಲ್ಲಿಂದ ಅದು ಇಳಿಯಲೇಬೇಕು. ಇಳಿದಾಗ ಯಾರ ಕೈ ಮೈಮೇಲಿತ್ತೋ ಅವರಿಗೆ ಹೆಸರು. ತಿಪಟೂರಿನವರು ನನಗೆ ಕೊಟ್ಟ ಹೊಗಳಿಕೆಯಲ್ಲಿ ಒಂದು ಪಾಲು ಕ್ಯಾಲೆಂಡರಿಗೆ ಸಲ್ಲಬೇಕು, ಇನ್ನೊಂದು ಪಾಲು ಮೊದಲು ಕಸರತ್ತು ಹೇಳಿಕೊಟ್ಟವರಿಗೆ.

ಹಾಗಾದರೆ ಅಂಗೈಯಿಂದ ಹರಿಯುವ ಶಕ್ತಿ? ಅದನ್ನು ಪರೀಕ್ಷೆಗೆ ಒಡ್ಡಿದವಳು ಅಮೆರಿಕದ ಒಂಬತ್ತು ವರ್ಷದ ಹುಡುಗಿ, ಎಮಿಲಿ ರೋಸಾ. ರೋಗಿಯನ್ನು ಮುಟ್ಟದೆಯೇ ಮೈಸುತ್ತಲಿನ ಶಕ್ತಿಯನ್ನು ಅಂಗೈಯಲ್ಲಿ ಗುರುತಿಸಿ ಸರಿಪಡಿಸುತ್ತೇವೆ ಎನ್ನುವ ಚಿಕಿತ್ಸಕರು ಅಲ್ಲಿ ಬಹಳ ಮಂದಿ ಇದ್ದರು. ಈ ಹುಡುಗಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ನಡುವೆ ಒಂದು ಅಡ್ಡತಡಿಕೆ ನಿಲ್ಲಿಸಿ, ಅವರಿಗೆ ಎರಡೂ ಕೈ ಆಚೆ ಚಾಚಲು ಹೇಳಿ, ನಾಣ್ಯ ಚಿಮ್ಮಿ ನೋಡಿ ಒಂದು ಕೈಯ ಮೇಲೆ ತನ್ನ ಕೈ ಹಿಡಿದಳು. "ನನ್ನ ಕೈ ನಿಮ್ಮ ಯಾವ ಕೈಯ ಹತ್ತಿರ ಇದೆ?" ಇಷ್ಟೇ ಪ್ರಶ್ನೆ. 21 ಚಿಕಿತ್ಸಕರು, 280 ಸಲ. ಸರಿ ಉತ್ತರ 123 ಸಲ, ಶೇಕಡಾ 44. ಕಣ್ಣುಮುಚ್ಚಿ ಊಹಿಸಿದ್ದರೂ ಅರ್ಧದ ಹತ್ತಿರ ಬರಬೇಕಿತ್ತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಇದನ್ನು ಪ್ರಕಟಿಸಿತು.

ಆ ಚಿಕಿತ್ಸಕರು ಸುಳ್ಳುಗಾರರು ಅಂತ ನಾನು ಹೇಳಲಾರೆ. ಅಂಗೈಯನ್ನೇ ಗಮನಿಸುತ್ತಾ ಕೂತರೆ ಯಾರಿಗಾದರೂ ಜುಮ್ಮೆನ್ನುತ್ತದೆ, ಬಿಸಿ ಏರಿದಂತೆ ಅನ್ನಿಸುತ್ತದೆ. ಈಗಲೇ ಒಂದು ನಿಮಿಷ ಮಾಡಿ ನೋಡಿ. ಅನುಭವ ನಿಜ. ಅದು ಎದುರಿನವರ ಮೈಯ ಸುದ್ದಿ ಎಂದುಕೊಂಡದ್ದು ತಪ್ಪು. ನಮ್ಮ ವೃತ್ತಿಗೂ ಇದೇ ಚಡಿಯೇಟು ಬಿದ್ದಿದೆ. ಒಂದೇ ಬೆನ್ನನ್ನು ಇಬ್ಬರು ಅನುಭವಿಗಳ ಕೈಗೆ ಕೊಟ್ಟು ಯಾವ ಕೀಲು ಬಿಗಿದಿದೆ ಹೇಳಿ ಅಂದರೆ ಇಬ್ಬರ ಉತ್ತರ ಹೊಂದುವುದು ಕಡಿಮೆ ಎಂದು ಮತ್ತೆ ಮತ್ತೆ ಕಂಡಿದೆ. ನನ್ನ ಬೆರಳು ಹೇಳಿದ್ದನ್ನೆಲ್ಲ ನಾನೂ ನಂಬುವುದನ್ನು ಬಿಟ್ಟಿದ್ದೇನೆ.

ಇದೆಲ್ಲ ನಮ್ಮ ದೇಶದ ಮೂಢನಂಬಿಕೆ, ಪಶ್ಚಿಮದ್ದು ಶುದ್ಧ ವಿಜ್ಞಾನ ಅಂದುಕೊಂಡರೆ ಅದೂ ಸುಳ್ಳು. ಮೂಳೆ, ಸ್ನಾಯುಗಳನ್ನು ಕೈಯಿಂದ ಸರಿಪಡಿಸುವ ಆಸ್ಟಿಯೋಪಥಿ ಶುರುಮಾಡಿದ ಆಂಡ್ರ್ಯೂ ಟೇಲರ್ ಸ್ಟಿಲ್ ಪಾದ್ರಿಯ ಮಗ, 1874ರಲ್ಲಿ ತನ್ನ ಪದ್ಧತಿಯನ್ನು ಸಾರಿದ. 1895ರಲ್ಲಿ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ಕೈರೋಪ್ರಾಕ್ಟಿಕ್ ಹುಟ್ಟುಹಾಕಿದ ಡಿ. ಡಿ. ಪಾಮರ್ ಅದಕ್ಕೆ ಮೊದಲು ಅಯಸ್ಕಾಂತ ಶಕ್ತಿಯ ಹೆಸರಿನಲ್ಲಿ ಕೈಯಿಟ್ಟು ಗುಣಪಡಿಸುತ್ತಿದ್ದವನು, ಬೆನ್ನುಮೂಳೆಯ ಮೂಲಕ ಒಂದು ಜನ್ಮಜಾತ ಬುದ್ಧಿ ಹರಿಯುತ್ತದೆ ಎಂದು ಬೋಧಿಸಿದ. ಬಹಳ ಹಳೆಯದೆಂದು ನಾವು ತಿಳಿದಿರುವ ರೇಖಿ 1922ರ ಸುಮಾರಿಗೆ ಜಪಾನಿನ ಮಿಕಾವೊ ಉಸುಯಿ ಆರಂಭಿಸಿದ್ದು. ನಮ್ಮ ಆಯುರ್ವೇದವೋ, ಅಭ್ಯಂಗದ, ಅಂದರೆ ಮೈಗೆ ಎಣ್ಣೆ ನೀವುವ ವಿಷಯದಲ್ಲಿ ಅಚ್ಚರಿ ಪಡುವಷ್ಟು ನೆಲದ ಮೇಲೆ ನಿಂತು ಮಾತಾಡುತ್ತದೆ. ದಿನಾ ಎಣ್ಣೆ ಹಚ್ಚಿಕೊ, ಮುಪ್ಪು, ದಣಿವು, ವಾತ ಕಳೆಯುತ್ತದೆ, ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಹಚ್ಚು ಎನ್ನುತ್ತಾನೆ ಆಯುರ್ವೇದದ ಹಳೆಯ ಗ್ರಂಥಕಾರ ವಾಗ್ಭಟ. ಹಿಂದೆಯೇ ಕಫ ಹೆಚ್ಚಿದವರಿಗೆ, ಅಜೀರ್ಣ ಆದವರಿಗೆ, ಆಗಷ್ಟೇ ಶೋಧನ (ವಾಂತಿ, ಭೇದಿ ಮಾಡಿಸಿ ಮೈ ಶುದ್ಧಿ) ಮಾಡಿಸಿಕೊಂಡವರಿಗೆ ಬೇಡ ಅಂತಲೂ ಹೇಳುತ್ತಾನೆ. ಯಾರಿಗೆ ಬೇಡ ಎಂಬ ಸಾಲು ಇರುವ ಪದ್ಧತಿಯ ಮೇಲೆ ನನಗೆ ಗೌರವ ಹೆಚ್ಚು. ಬೋರ್ಡು ತೂಗುಹಾಕಿದವರ ಕರಪತ್ರಗಳಲ್ಲಿ ಆ ಸಾಲು ನಾನು ಕಂಡಿಲ್ಲ.

ಹಾಗಿದ್ದರೆ ಆಧ್ಯಾತ್ಮಕ್ಕೆ ಈ ಕೋಣೆಯಲ್ಲಿ ಏನು ಕೆಲಸ? ನನ್ನ ಉತ್ತರ ಚಿಕ್ಕದು: ಮುಟ್ಟುವವರ ಮನಸ್ಸನ್ನು ಅಲ್ಲೇ ನಿಲ್ಲಿಸುವುದು. ರೋಗಿಯ ಬೆನ್ನ ಮೇಲೆ ಕೈಯಿಟ್ಟು ನಾನು ಮಗನ ಸ್ಕೂಲ್ ಫೀಸಿನ ಯೋಚನೆಯಲ್ಲಿದ್ದರೆ ಕೈ ತಾನಾಗಿ ಬಿರುಸಾಗುತ್ತದೆ, ವೇಗ ಏರುತ್ತದೆ. ಅವರ ಸ್ನಾಯು ಅದನ್ನು ನನಗಿಂತ ಮೊದಲೇ ಓದಿ ಬಿಗಿಹಿಡಿಯುತ್ತದೆ. ಆಮೇಲೆ ಆ ಬಿಗಿಯ ಜೊತೆ ಗುದ್ದಾಡುವುದೇ ನನ್ನ ಕೆಲಸವಾಗುತ್ತದೆ. ಹಾಗಾಗಿ ಕೈಯಿಟ್ಟ ಮೇಲೆ ಮೂರು ಉಸಿರು ಏನೂ ಮಾಡದೆ ಕಾಯುತ್ತೇನೆ. ಜೊತೆಗೆ ಕೆಲಸ ಮಾಡುವ ಒಬ್ಬರು ಶಿವಾಯ ನಮಃ ಅಂದುಕೊಳ್ಳುತ್ತಾರೆ, ಇನ್ನೊಬ್ಬರು ಬಿಸ್ಮಿಲ್ಲಾ ಅನ್ನುತ್ತಾರೆ. ನನಗೆ ಉಸಿರೆಣಿಕೆ ಸಾಕು. ರೋಗಿಯ ಬೆನ್ನಿಗೆ ಮೂರರ ನಡುವೆ ವ್ಯತ್ಯಾಸ ಗೊತ್ತಾದಂತೆ ನನಗೆ ಕಂಡಿಲ್ಲ. ಗೊತ್ತಾಗುವುದು ಮೂರೂ ಇಲ್ಲದ ದಿನ.

ಮಧುಗಿರಿ ಕಡೆಯ ಎಪ್ಪತ್ತರ ಅಜ್ಜಿಯೊಬ್ಬರ ಕತೆ ಹೇಳದೆ ಮುಂದೆ ಹೋಗಲಾರೆ. ಕತ್ತುನೋವು. ಮಲಗಿಸಿ ತಲೆಯ ಕೆಳಗೆ ಎರಡೂ ಅಂಗೈ ಇಟ್ಟೆ. ಮನುಷ್ಯರ ತಲೆ ನಾಲ್ಕೈದು ಕಿಲೋ ತೂಗುತ್ತದೆ, ಅವರದು ನನ್ನ ಕೈಯಲ್ಲಿ ಹೂವಿನಷ್ಟೂ ಭಾರವಿರಲಿಲ್ಲ. ಅಂದರೆ ಅವರೇ ಹಿಡಿದುಕೊಂಡಿದ್ದರು, ನನಗೆ ಬಿಟ್ಟುಕೊಟ್ಟಿರಲಿಲ್ಲ. "ಬಿಡಿ" ಅಂದರೆ ಯಾರಿಗೂ ಬಿಡಲು ಬರುವುದಿಲ್ಲ. ಹಾಗಾಗಿ ಸುಮ್ಮನೆ ಕೂತೆ. ಐದಾರು ನಿಮಿಷದ ಮೇಲೆ ಭಾರ ಸ್ವಲ್ಪಸ್ವಲ್ಪವಾಗಿ ನನ್ನ ಅಂಗೈಗೆ ಇಳಿಯಿತು. ಆಮೇಲೆ ನೋಡಿದರೆ ಕಣ್ಣೀರು ಕಿವಿಗೆ ಹರಿದಿತ್ತು. "ನಮ್ಮನೆಯೋರು ಹೋಗಿ ಹನ್ನೊಂದು ವರ್ಸ ಆತು ಕಣವ್ವ. ಆಮ್ಯಾಲೆ ಯಾರೂ ನನ್ ತಲೆ ಮುಟ್ಟಿರ್ಲಿಲ್ಲ. ದಂಡಿನ ಮಾರಮ್ಮನೇ ಬಂದು ಹಿಡ್ಕೊಂಡಂಗಾತು."

ಇಂಥ ಹೊತ್ತಿನಲ್ಲಿ ಚಿಕಿತ್ಸಕರಿಗೆ ಒಂದು ಆಸೆ ಹುಟ್ಟುತ್ತದೆ. "ನಿಮ್ಮ ಕತ್ತಿನಲ್ಲಿ ದುಃಖ ಗಂಟುಕಟ್ಟಿತ್ತು, ನಾನು ಬಿಡಿಸಿದೆ, ಇನ್ನೂ ಆರು ಸಲ ಬನ್ನಿ" ಅಂದುಬಿಡುವ ಆಸೆ. ಅದುಮಿಟ್ಟ ಭಾವನೆ ಸ್ನಾಯುವಿನಲ್ಲಿ ಕವಚವಾಗಿ ಕೂರುತ್ತದೆ ಎಂದು ಮನೋವಿಶ್ಲೇಷಕ ವಿಲ್ಹೆಲ್ಮ್ ರೈಖ್ ಕಳೆದ ಶತಮಾನದಲ್ಲಿ ಹೇಳಿದ್ದ, ಅದರ ಮರಿಗಳು ಇವತ್ತಿಗೂ ಓಡಾಡುತ್ತಿವೆ. ನೆನಪು ಇರುವುದು ಮಿದುಳಿನಲ್ಲಿ. ಆದರೆ ಮೈಯ ಒಂದು ಭಂಗಿ, ಒಂದು ಸ್ಪರ್ಶ, ಆ ನೆನಪಿನ ಕದ ತಟ್ಟಬಲ್ಲದು, ಎಣ್ಣೆಯ ವಾಸನೆ ನನಗೆ ಅಜ್ಜಿಯ ಬಚ್ಚಲನ್ನು ತಂದು ನಿಲ್ಲಿಸುವ ಹಾಗೆ. ಆ ಅಜ್ಜಿಗೆ ಸಿಕ್ಕಿದ್ದು ಮಾರಮ್ಮನ ಕೈ. ಅದನ್ನು ಇನ್ಸುಲಾ ಅಂತ ತಿದ್ದುವ ಹಕ್ಕು ನನಗಿಲ್ಲ, ಮಾರಮ್ಮ ನನ್ನ ಕೈಗೆ ಬರುತ್ತಾಳೆ ಎಂದು ಬೋರ್ಡು ಬರೆಸುವ ಹಕ್ಕಂತೂ ಮೊದಲೇ ಇಲ್ಲ. ಟವೆಲ್ ಕೊಟ್ಟು ನೀರು ಕುಡಿಸಿದೆ.

ಕಣ್ಣೀರು ಬರುವ ಮಟ್ಟಕ್ಕೆ ಒಬ್ಬರು ತಮ್ಮನ್ನು ಬಿಟ್ಟುಕೊಟ್ಟಾಗ ಅವರಿಂದ ಏನನ್ನಾದರೂ ಒಪ್ಪಿಸಬಹುದು. ಅಪಾಯ ಇರುವುದು ಅಲ್ಲೇ. ಎಲ್ಲಿ ಮುಟ್ಟುತ್ತೇನೆ ಎಂದು ಮೊದಲು ಹೇಳದವರು, ಮನೆಯವರನ್ನು ಒಳಗೆ ಬಿಡದವರು, ಪ್ರಶ್ನೆ ಕೇಳಿದರೆ "ನಿಮಗೆ ಶ್ರದ್ಧೆ ಸಾಲದು" ಅನ್ನುವವರು ಎಷ್ಟೇ ದೊಡ್ಡ ಸಾಧಕರಾಗಿರಲಿ, ಎದ್ದು ಬನ್ನಿ. ಕೈಯಿಂದಲೂ ಹಾನಿಯಾಗುತ್ತದೆ. ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕನೆ ತಿರುಗಿಸಿದಾಗ ಮಿದುಳಿಗೆ ರಕ್ತ ಒಯ್ಯುವ ನಾಳ ಹರಿದು ಪಾರ್ಶ್ವವಾಯು ಆದದ್ದುಂಟು. ಕೋಲಾರ, ಮುಳಬಾಗಿಲು ಕಡೆಯವರು ಮೂಳೆ ಮುರಿದರೆ ಆಂಧ್ರದ ನಾಟಿ ಪುತ್ತೂರು ಕಟ್ಟು ಅಂತ ಓಡುತ್ತಾರೆ. ಕಟ್ಟು ಬಿಗಿಯಾಗಿ ಬೆರಳು ಕಪ್ಪಿಟ್ಟರೆ, ಜೋಮು ಹಿಡಿದರೆ ಆಮೇಲೆ ಕೈಯೇ ಉಳಿಯದೆ ಹೋಗಬಹುದು. ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ನೀವಲೇಬಾರದು. ಬೆನ್ನುನೋವಿನ ಜೊತೆ ಜ್ವರ ಬಂದರೆ, ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಎಣ್ಣೆ ಬಾಟಲಿ ಕೆಳಗಿಟ್ಟು ಆಸ್ಪತ್ರೆಗೆ ಹೊರಡಬೇಕು.

ನಮ್ಮ ಜಿಲ್ಲೆಗೆ ಇನ್ನೊಂದು ಸೇರಿಸಬೇಕು. ಪಾವಗಡ ಕಡೆಯಿಂದ ಅರವತ್ತು ದಾಟಿದ ರೈತರೊಬ್ಬರು ಬಂದಿದ್ದರು. ಬೆನ್ನು ಹಲಗೆಯಂತೆ. ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಿಸಬೇಕು. ಬೆನ್ನಿನ ಚಕ್ರಗಳಿಗೆ ತಡೆಯಿದೆ, ಒತ್ತಿ ಬಿಡಿಸಬೇಕು ಎಂದು ಎಲ್ಲೋ ಒಂದು ಕಡೆ ತಿಂಗಳುಗಟ್ಟಲೆ ದುಡ್ಡು ತೆಗೆದುಕೊಂಡಿದ್ದರಂತೆ. ನಾನು ಕೇಳಿದ್ದು ಎರಡೇ: ಕುಡಿಯೋದು ಯಾವ ನೀರು? ಮೊಮ್ಮಕ್ಕಳ ಹಲ್ಲು ಹೇಗಿದೆ? ಕೊಳವೆಬಾವಿ ನೀರು, ಹಲ್ಲಿನ ಮೇಲೆ ಕಂದು ಗೆರೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕಾದ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದಾದ ಫ್ಲೋರೈಡ್ ಅಲ್ಲಿನ ಎಷ್ಟೋ ಬಾವಿಗಳಲ್ಲಿ ಅದನ್ನು ಮೀರಿದೆ. ಪಾವಗಡದ ಹಾಗೆಯೇ ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲೂ. ವರ್ಷಗಟ್ಟಲೆ ಕುಡಿದರೆ ಮೂಳೆ ದಪ್ಪವಾಗಿ, ಕೀಲು ಹಿಡಿದಿಡುವ ಪಟ್ಟಿಗಳಲ್ಲೇ ಸುಣ್ಣ ಕೂತು, ಬೆನ್ನು ಗಟ್ಟಿಯಾಗುತ್ತದೆ. ನೋಡಲು ಗಟ್ಟಿಯಾದರೂ ಅಂಥ ಮೂಳೆ ಪೆಡಸು, ಬಲಹಾಕಿ ಒತ್ತಿದರೆ ಮುರಿದೀತು. ಎಕ್ಸ್‌ರೇ ತೆಗೆಸಿ, ಮೂಳೆ ಡಾಕ್ಟರಿಗೆ ಕಳಿಸಿ, ನೀರು ಪರೀಕ್ಷೆ ಮಾಡಿಸಿ, ಊರಿನ ಶುದ್ಧ ನೀರಿನ ಘಟಕದಿಂದಲೇ ತರಿಸಿಕೊಳ್ಳಿ ಅಂತ ಹೇಳಿದೆ. ಗಟ್ಟಿಯಾದದ್ದು ಮತ್ತೆ ಸಡಿಲವಾಗುವುದಿಲ್ಲ ಅಂತಲೂ ಹೇಳಿದೆ.

ಆದರೂ ಅವರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುತ್ತಾರೆ. "ಸರಿ ಹೋಗಲ್ಲ ಅಂತ ಡಾಕ್ಟ್ರೂ ಹೇಳಿದ್ರು, ನೀನೂ ಹೇಳ್ದೆ. ಗೊತ್ತೈತೆ ಕಣವ್ವ. ಬೆನ್ ಮ್ಯಾಲೆ ಒಂದಿಷ್ಟೊತ್ತು ಕೈ ಇಡು, ಅವತ್ತು ರಾತ್ರಿ ನಿದ್ದೆ ಬತ್ತೈತೆ" ಅನ್ನುತ್ತಾರೆ. ಒತ್ತುವುದಿಲ್ಲ, ತಿರುಚುವುದಿಲ್ಲ. ಎಣ್ಣೆ ಬೆಚ್ಚಗೆ ಮಾಡಿ ಕತ್ತಿನಿಂದ ಸೊಂಟದವರೆಗೆ ಕೈ ಹರಿಸುತ್ತೇನೆ, ಎಣ್ಣೆ ಹರಿಯುವಷ್ಟು ನಿಧಾನಕ್ಕೆ. ಇದಕ್ಕೆ ಎಷ್ಟು ತೆಗೆದುಕೊಳ್ಳಬೇಕೆಂದು ನನ್ನ ದರಪಟ್ಟಿಯಲ್ಲಿ ಬರೆದಿಲ್ಲ. ಅವರೇ ಚೀಲದಲ್ಲಿ ಒಂದಿಷ್ಟು ಕಡಲೆಕಾಯಿ ತಂದಿರುತ್ತಾರೆ.